ಪೂಜೆಯಾದ ದಾರಂದ

ಹೋದ ತಿಂಗಳು ರಿಪ್ಪನ್‌ಪೇಟೆಯಲ್ಲಿ ಹೆಂಗಸರಿಗೆ ಗಾರೆ ಕೆಲಸ ಕಲಿಸುವ ತರಬೇತಿ ಮತ್ತೆ ಶುರುವಾಯಿತು. ಸರ್ಕಾರದ ಹೊಸ ಅನುದಾನ, ಹೊಸ ಬ್ಯಾನರು, ಆದರೆ ಜಾಗ ಮಾತ್ರ ಅದೇ ಹಳೆಯ ಗೋದಾಮು. "ನೀವು ಮೊದಲನೇ ಬ್ಯಾಚಿನವರು, ಈಗ ಹೆಸರು ಮಾಡಿದ ಮೇಸ್ತ್ರಿ, ಬಂದು ನಾಲ್ಕು ಮಾತು ಹೇಳಿ" ಎಂದು ಕರೆದಿದ್ದರು. ನನಗೆ ಭಾಷಣ ಬರುವುದಿಲ್ಲ, ಬೈಗುಳ ಬರುತ್ತದೆ. ಆದರೂ ಹೋದೆ. ಬಾಗಿಲು ದಾಟಿದ್ದೇ ತಡ, ನೀರು ಬಿದ್ದ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ದಿನಾ ಸಿಮೆಂಟಿನಲ್ಲೇ ಬದುಕುವವಳು ನಾನು, ಕೆಲಸದ ಜಾಗದಲ್ಲಿ ಅದರ ವಾಸನೆ ಬರುವುದು ನನಗೆ ಗೊತ್ತೇ ಆಗುವುದಿಲ್ಲ. ಆ ಗೋದಾಮಿನಲ್ಲಿ ಮುಗ್ಗಲು ಗೋಣಿಚೀಲದ ಜೊತೆ ಸೇರಿಕೊಂಡು ಅದು ಬೇರೆಯೇ ಆಗಿರುತ್ತದೆ. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟೆ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ನಿಮ್ ಬ್ಯಾಚಲ್ಲಿ ಎಷ್ಟ್ ಜನ ಇದ್ರಿ?"

"ಏಳು ಜನ" ಎಂದೆ.

ಸುಳ್ಳು. ನಾವು ಎಂಟು ಜನ ಇದ್ದೆವು. ಎಂಟನೆಯವಳು ಗಿರಿಜಕ್ಕ, ಮಾಸ್ತಿಕಟ್ಟೆ ಕಡೆಯವಳು. ಅವಳ ಹೆಸರು ಬಾಯಿಗೆ ಬಂದರೆ ಉಳಿದದ್ದೂ ಬರುತ್ತದೆ ಎಂದು ಹೆದರಿ, ಇಷ್ಟು ವರ್ಷ ಎಲ್ಲರಿಗೂ ಏಳು ಎಂದೇ ಹೇಳಿಕೊಂಡು ಬಂದಿದ್ದೇನೆ. ಅವತ್ತು ಮನೆಗೆ ಬಂದು ಅನ್ನ ಸೇರಲಿಲ್ಲ. ಬರೆದಾದರೂ ಇಡುತ್ತೇನೆ ಎಂದು ಕೂತಿದ್ದೇನೆ.

ಆ ತರಬೇತಿ ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಅದಕ್ಕೆ ಮುಂಚೆ ಹನ್ನೆರಡು ವರ್ಷ ನಾನು ಕಟ್ಟಡದ ಕೆಲಸದಲ್ಲಿ ಕೈಯಾಳು. ಬಾಂಡಲಿಯಲ್ಲಿ ಕಲಸಿದ ಗಾರೆ ಹೊತ್ತು ಕೊಡುವುದು, ಕಲ್ಲು ಎತ್ತಿ ಕೊಡುವುದು, ಸಂಜೆ ಕಟ್ಟಿದ ಗೋಡೆಗೆ ನೀರು ಹೊಡೆಯುವುದು. ಗೋಡೆಯ ಮೇಲೆ ಕರಣೆ ಆಡಿಸುವುದು ಗಂಡಸರ ಕೆಲಸ. ಒಂದು ಸಲ ಮೇಸ್ತ್ರಿ ಚಾ ಕುಡಿಯಲು ಹೋದಾಗ ನಾನು ಎರಡು ಕಲ್ಲು ಕೂರಿಸಿದ್ದೆ. ಬಂದವನು ಆ ಎರಡನ್ನೂ ಕಿತ್ತು ಮತ್ತೆ ಅದೇ ಜಾಗದಲ್ಲಿ ಅದೇ ರೀತಿ ಇಟ್ಟ. ಆ ಸಿಟ್ಟಿಗೇ ನಾನು ತರಬೇತಿಗೆ ಹೆಸರು ಕೊಟ್ಟಿದ್ದು. ಆರು ತಿಂಗಳು ಕಲಿಸುತ್ತಾರೆ, ಕೊನೆಗೆ ನಾವೇ ಒಂದು ಮನೆ ಕಟ್ಟಿ ತೋರಿಸಬೇಕು, ಶಿವಮೊಗ್ಗದಿಂದ ಅಧಿಕಾರಿ ಬಂದು ನೋಡುತ್ತಾರೆ, ಪಾಸಾದರೆ ಪ್ರಮಾಣಪತ್ರ, ಒಂದು ಪೆಟ್ಟಿಗೆ ಸಲಕರಣೆ. ಆಮೇಲೆ ಪಂಚಾಯ್ತಿ ಕೆಲಸಗಳಿಗೆ ನಮ್ಮ ಹೆಸರನ್ನು ಕೈಯಾಳು ಎಂದಲ್ಲ, ಮೇಸ್ತ್ರಿ ಎಂದೇ ಬರೆಯುತ್ತಾರೆ. ಹಾಗಂತ ಹೇಳಿದ್ದರು.

ಗಿರಿಜಕ್ಕನಿಗೆ ಸಿಟ್ಟಿಗಿಂತ ದೊಡ್ಡ ಕಾರಣವಿತ್ತು. ಗಂಡ ತೀರಿಹೋಗಿ ಆರು ವರ್ಷ. ಬಾವನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಒಬ್ಬಳೇ ಮಗಳು ಅಶ್ವಿನಿ, ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದಳು. ಮಾಸ್ತಿಕಟ್ಟೆಯಿಂದ ದಿನಾ ಬಂದು ಹೋಗುವುದು ಆಗದ ಮಾತು, ಹಾಗಾಗಿ ಗಿರಿಜಕ್ಕ ವಾರದಲ್ಲಿ ಐದು ದಿನ ನಮ್ಮನೆಯಲ್ಲೇ ಉಳಿಯುತ್ತಿದ್ದಳು. ಒಂದೇ ಚಾಪೆ, ಒಂದೇ ಡಬ್ಬಿ ಬುತ್ತಿ. ನಮ್ಮತ್ತೆ ಯಾರನ್ನೂ ಒಪ್ಪುವ ಜಾತಿಯಲ್ಲ, ಅವಳನ್ನು ಮಾತ್ರ "ನಮ್ ಗಿರಿಜೆ" ಅನ್ನುತ್ತಿದ್ದರು. ನನ್ನನ್ನು ಯಾವತ್ತೂ 'ನಮ್' ಅಂದವರಲ್ಲ ಪುಣ್ಯಾತ್ಗಿತ್ತಿ.

ಒಂದು ದಿನ ಬಟ್ಟೆ ಒಗೆಯುತ್ತ ಗಿರಿಜಕ್ಕ ಹೇಳಿದ್ದಳು: "ಮಗಳನ್ನ ಡಿಗ್ರಿಗೆ ಸೇರ್ಸೋ ಹೊತ್ತಿಗೆ ನನ್ ಕೈಗೆ ಮೇಸ್ತ್ರಿ ಕಾಗ್ದ ಬರ್ಬೇಕು ಸುಮಿತ್ರಾ. ಇಲ್ಲಾಂದ್ರೆ ಬಾವ ಅವಳನ್ನ ಯಾರಿಗಾದ್ರೂ ಕಟ್ಟಿ ಕೈ ತೊಳ್ಕೊಳ್ತಾನೆ. ಸಂಬಂಧ ಆಗ್ಲೇ ನೋಡಿಟ್ಟಾಗಿದೆ. ನಾನು ಮೇಸ್ತ್ರಿ ಆದ್ರೆ, ನನ್ ಮಗಳು ನಾನ್ ಓದಿಸ್ತೀನಿ, ನೀನ್ಯಾರು ಕೇಳಕ್ಕೆ ಅನ್ಬಹುದು."

"ಅನ್ನು ಮಾರಾಯ್ತಿ, ಜೋರಾಗೇ ಅನ್ನು. ನಾನೂ ಬರ್ತೀನಿ, ಎರಡು ಸೇರಿಸಿ ಅನ್ನೋಣ" ಎಂದಿದ್ದೆ ನಾನು. ಮಾತಿನಲ್ಲಿ ನನಗಿಂತ ಧೈರ್ಯದವರು ಹೊಸನಗರ ತಾಲೂಕಿನಲ್ಲೇ ಇಲ್ಲ.

ಕಲಿಸುತ್ತಿದ್ದವನು ಭಾಸ್ಕರ ಮೇಸ್ತ್ರಿ. ಕೆಲಸ ಬಲ್ಲ ಮನುಷ್ಯ, ಆದರೆ ನಮ್ಮನ್ನು ಕಂಡರೆ ನಗೆ. ಮೊದಲ ಎರಡು ತಿಂಗಳು ಗೋದಾಮಿನಲ್ಲೇ ಮಣ್ಣಿನ ಗಾರೆ ಕಲಸಿ ಗೋಡೆ ಕಟ್ಟುವುದು, ಸಂಜೆ ಅದನ್ನೇ ಕೆಡವುವುದು. ಕಟ್ಟಿದ್ದನ್ನು ನಾವೇ ಕೆಡವುವಾಗ ಕರುಳು ಚುರುಕ್ ಅನ್ನುತ್ತಿತ್ತು. ಗಿರಿಜಕ್ಕ ಮಾತ್ರ ಕೆಡವುವ ಮುಂಚೆ ಪ್ರತಿ ಗೋಡೆಗೂ ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು. ದಾರದ ತುದಿಯ ಹಿತ್ತಾಳೆ ಗುಂಡು ಅಲ್ಲಾಡುವುದು ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. "ಕೆಡವೋ ಗೋಡೆಗೆ ಎಂತಕ್ಕೆ ಗುಂಡು?" ಎಂದು ನಾವು ಛೇಡಿಸುತ್ತಿದ್ದೆವು. "ಸೊಟ್ಟ ಕಟ್ಟಿ ಅಭ್ಯಾಸ ಆದ್ರೆ ಕೈ ಬಿಡಲ್ಲ ಕಣ್ರೇ" ಅನ್ನುತ್ತಿದ್ದಳು. ಜನವರಿ ಬರುವಷ್ಟರಲ್ಲಿ ಗೋಡೆಯ ಮೂಲೆ ಎತ್ತುವುದಕ್ಕೆ ಭಾಸ್ಕರ ಮೇಸ್ತ್ರಿಯೇ ಅವಳನ್ನು ಕರೆಯುತ್ತಿದ್ದ. ಮೂಲೆ ಸರಿ ಬಂದರೆ ಅರ್ಧ ಮನೆ ಸರಿ ಬಂದಂತೆ, ಅದು ಎಲ್ಲರಿಗೂ ಕೊಡುವ ಕೆಲಸವಲ್ಲ.

ಫೆಬ್ರವರಿಯಲ್ಲಿ ನಮಗೆ ಮನೆ ಸಿಕ್ಕಿತು. ಹೊಸನಗರದ ದಾರಿಯಲ್ಲಿ ಹೂವಪ್ಪ ಎಂಬವರಿಗೆ ಸರ್ಕಾರದಿಂದ ಮಂಜೂರಾದ ಸಣ್ಣ ಮನೆ, ಎರಡು ಕೋಣೆ, ಒಂದು ಅಡುಗೆ ಜಾಗ. ಹೆಂಗಸರು ಕಟ್ಟುತ್ತಾರೆ ಎಂದಾಗ ಹೂವಪ್ಪನ ಹೆಂಡತಿ ಚೌಡಮ್ಮ ಮೂರು ದಿನ ಊಟ ಬಿಟ್ಟಳಂತೆ. ಪಾಯ ಏಳುವಾಗಲೂ ನಮ್ಮನ್ನು ಅನುಮಾನದಿಂದಲೇ ನೋಡುತ್ತಿದ್ದಳು. ಆ ವರ್ಷದ ಬಿಸಿಲೋ, ಕೆಂಪುಕಲ್ಲು ಮುಟ್ಟಿದರೆ ಅಂಗೈ ಸುಡುತ್ತಿತ್ತು. ಕೂದಲು, ಕಿವಿ, ಹಲ್ಲಿನ ಸಂದಿಯಲ್ಲೆಲ್ಲ ಕೆಂಪು ಧೂಳು. ಬಾವಿ ಆಳಕ್ಕಿಳಿದು ಗೋಡೆಗೆ ಹೊಡೆಯುವ ನೀರಿಗೆ ಪರದಾಟ, ಕೆಳಗಿನ ಹಳ್ಳದಿಂದ ಕೊಡದಲ್ಲಿ ಹೊತ್ತು ತರುತ್ತಿದ್ದೆವು. ಇಷ್ಟಾದರೂ ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ. ದಾರಿಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುವಾಗ ಬೇಕೆಂದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕರಣೆ ಝಳಪಿಸುತ್ತಿದ್ದೆ.

ಕೆಟ್ಟದ್ದು ಬಾಗಿಲ ದಿನ. ನಮ್ಮ ಕಡೆ ಮನೆಯ ಎದುರು ಬಾಗಿಲಿನ ಚೌಕಟ್ಟನ್ನು, ಅಂದರೆ ದಾರಂದವನ್ನು, ಮುಹೂರ್ತ ನೋಡಿ ಪೂಜೆ ಮಾಡಿಯೇ ನಿಲ್ಲಿಸುವುದು. ಹೂವಪ್ಪ ಸಿಗಂದೂರಿಗೆ ಹೋಗಿ ಅಮ್ಮನ ಕುಂಕುಮ ತಂದಿದ್ದರು. ಭಟ್ಟರು ಕೊಟ್ಟದ್ದು ಬೆಳಿಗ್ಗೆ ಒಂಬತ್ತರೊಳಗಿನ ಹೊತ್ತು. ಹಿಂದಿನ ದಿನವೇ ಗಿರಿಜಕ್ಕ ಅಳತೆ ಹಿಡಿದು, ದಾರಂದ ಅಲ್ಲಾಡದಂತೆ ಆನಿಸುವ ಊರುಗೋಲು ಕಡಿಸಿ, ಎಲ್ಲ ತಯಾರು ಮಾಡಿಟ್ಟಿದ್ದಳು. ಬೆಳಿಗ್ಗೆ ಅವಳು ದಾರಂದಕ್ಕೆ ಕೈ ಹಾಕಿದ್ದೇ ಚೌಡಮ್ಮ ಅವಳ ಬರಿಹಣೆ ನೋಡಿ ಕೂಗಿಕೊಂಡಳು: "ಬಾಗ್ಲು ಮಾತ್ರ ಬ್ಯಾಡ! ಗೋಡೆ ಕಟ್ಟಿ, ಎಂತ ಬೇಕಾದ್ರೂ ಕಟ್ಟಿ, ಬಾಗ್ಲು ಹೆಂಗಸ್ರ ಕೈಲಿ ನಿಲ್ಸೋದು ಬ್ಯಾಡ. ಅದ್ರಲ್ಲೂ ಇವಳ ಕೈಲಿ..."

ಮಾತು ಅಲ್ಲಿಗೆ ನಿಲ್ಲಿಸಿದಳು. ಗಿರಿಜಕ್ಕ ಕೈ ತೆಗೆದು ಹಿಂದೆ ಸರಿದು ನಿಂತಳು. ನಾವು ಏಳೂ ಜನ ಬಾಯಿಗೆ ಬೀಗ ಹಾಕಿಕೊಂಡೆವು. ಹೊತ್ತು ಮೀರುತ್ತದೆ ಎಂದು ಭಾಸ್ಕರ ಮೇಸ್ತ್ರಿ ತಾನೇ ಪಂಚೆ ಎತ್ತಿ ಕಟ್ಟಿ, ಹೂವಪ್ಪನ ತಮ್ಮನನ್ನು ಸೇರಿಸಿಕೊಂಡು ಗಡಿಬಿಡಿಯಲ್ಲಿ ದಾರಂದ ನಿಲ್ಲಿಸಿದ. ಮಾವಿನೆಲೆ, ನವಧಾನ್ಯದ ಗಂಟು, ಕಾಯಿ, ಮಂಗಳಾರತಿ ಎಲ್ಲ ಆಯಿತು. ಮೇಸ್ತ್ರಿಗೆ ಪಂಚೆ ಶಲ್ಯ ಕೊಟ್ಟು ಮರ್ಯಾದೆ ಮಾಡಿದರು. ನಮಗೆ ಅವಲಕ್ಕಿ ಕೊಟ್ಟರು.

ಅವರೆಲ್ಲ ಊಟಕ್ಕೆ ಕೂತಾಗ ಗಿರಿಜಕ್ಕ ದಾರಂದದ ತಲೆಯಿಂದ ತೂಗುಗುಂಡು ಇಳಿಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಕೆಳಗೆ ಬರುವಾಗ ದಾರ ಮರದಿಂದ ಎರಡು ಇಂಚು ದೂರ. ದಾರಂದ ದಾರಿಯ ಕಡೆಗೆ ವಾಲಿತ್ತು.

ಅವಳು ಹೋಗಿ ಹೇಳಿದಳು. ಭಾಸ್ಕರ ಮೇಸ್ತ್ರಿ ಎಲೆ ಮೇಲಿಂದ ಕಣ್ಣೆತ್ತಲಿಲ್ಲ. "ಪೂಜೆ ಆದ ದಾರಂದ ಯಾರಾದ್ರೂ ಅಲ್ಲಾಡಿಸ್ತಾರೇನೇ? ನೀವು ಅದಕ್ಕೆ ಹೊಂದಿಸಿ ಗೋಡೆ ಕಟ್ಕೊಂಡ್ ಹೋಗಿ. ಮಿಕ್ಕಿದ್ದು ಗಿಲಾವಲ್ಲಿ ಮುಚ್ಚಣ."

ಅವತ್ತು ಸಂಜೆ ಮನೆಗೆ ನಡೆಯುವಾಗ ಗಿರಿಜಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. "ಗಾರೆ ಇನ್ನೂ ಹಸಿ ಇದೆ ಸುಮಿತ್ರಾ. ನಾಳೆ ಬೇಗ ಹೋಗಣ. ನೀನು ಒಂದ್ ಕಡೆ ಹಿಡ್ಕೊಂಡ್ರೆ ಸಾಕು, ನಾನು ಸರಿಸಿ ಊರುಗೋಲು ಕೊಡ್ತೀನಿ. ಅರ್ಧ ಗಂಟೆ ಕೆಲಸ. ಅವ್ರು ಏಳೋದ್ರೊಳಗೆ ಮುಗ್ದಿರತ್ತೆ."

"ತಲೆ ಸರಿ ಇದ್ಯಾ ನಿಂಗೆ?" ಎಂದೆ. "ನಾಳೆ ಆ ಮನೇಲಿ ಕೋಳಿ ಸತ್ರೂ ನಾವು ಬಾಗ್ಲು ಮುಟ್ಟಿದ್ದಕ್ಕೇ ಅಂತಾರೆ. ನಂಗೆ ಈ ಊರಲ್ಲೇ ಬಾಳ್ವೆ ಮಾಡ್ಬೇಕು. ಸುಮ್ನಿರು."

"ಗೋಡೆ ವಾಲತ್ತಲ್ಲೇ."

"ವಾಲ್ಲಿ. ಮೇಸ್ತ್ರಿ ಹೇಳಿದ್ದಾನೆ, ಅವನ್ ಜವಾಬ್ದಾರಿ."

ಒಬ್ಬಳಿಂದ ಆಗುವ ಕೆಲಸವಾಗಿದ್ದರೆ ಅವಳು ಮಾಡಿಯೇ ಬಿಡುತ್ತಿದ್ದಳು. ದಾರಂದ ಸರಿಸಲು ಇಬ್ಬರು ಬೇಕು. ಮತ್ತೆ ಕೇಳಲಿಲ್ಲ. ಮರುದಿನದಿಂದ ನಾವು ಎಂಟೂ ಜನ ಆ ವಾಲಿದ ದಾರಂದಕ್ಕೆ ಹೊಂದಿಸಿ ಎರಡೂ ಪಕ್ಕ ಗೋಡೆ ಎತ್ತಿದೆವು. ನೆಟ್ಟಗೆ ಕಟ್ಟಲು ಇಷ್ಟು ತಿಂಗಳು ಕಲಿತವರು, ಗೊತ್ತಿದ್ದೂ ಸೊಟ್ಟ ಕಟ್ಟಿದೆವು. ದಿನಾ ಕಲ್ಲಿನ ಒಂದೊಂದು ವರಸೆ ಏರುವಾಗಲೂ ಗಿರಿಜಕ್ಕ ಗುಂಡು ಬಿಟ್ಟು ನೋಡುತ್ತಿದ್ದಳು. ಅವಳು ನೋಡುವುದನ್ನು ನೋಡಬಾರದೆಂದು ನಾನು ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಮೇ ಕೊನೆಯಲ್ಲಿ ಅಧಿಕಾರಿ ಬರುವ ದಿನ ಗೊತ್ತಾಯಿತು. ತರಬೇತಿ ನಡೆಸುತ್ತಿದ್ದ ಸಂಸ್ಥೆಯ ಪ್ರಸನ್ನ ಎಂಬ ಯುವಕ ದಿನಾ ಬೈಕಿನಲ್ಲಿ ಬಂದು ಅವಸರ ಮಾಡುತ್ತಿದ್ದ. ಬಾಗಿಲ ಮೇಲೆ ಕಾಂಕ್ರೀಟಿನ ಅಡ್ಡತೊಲೆ ಅಂದರೆ ಲಿಂಟಲ್ ಹಾಕಿ, ಅದರ ಮೇಲೆ ಮತ್ತೆ ಕಲ್ಲು ಏರಿಸಿದೆವು. ಗಾರೆ ಗಟ್ಟಿಯಾಗುವುದಕ್ಕೂ ಬಿಡಲಿಲ್ಲ. ಎರಡು ದಿನ ಮಧ್ಯಾಹ್ನ ಗಾಳಿಮಳೆ ಹೊಡೆಯಿತು, ಹೊಸ ಗೋಡೆ ನೀರು ಕುಡಿಯಿತು. ಮೂರನೇ ದಿನ ಪ್ರಸನ್ನ ಫೋಟೋ ತೆಗೆಯಬೇಕೆಂದ. ಬಾಗಿಲಿಗೆ ಆನಿಸಿದ ಊರುಗೋಲು, ಲಿಂಟಲ್ ಕೆಳಗಿನ ಹಲಗೆ ಎಲ್ಲ ಕಂಡರೆ ಕೆಲಸ ಮುಗಿದಂತೆ ಕಾಣುವುದಿಲ್ಲವಂತೆ. ಭಾಸ್ಕರ ಮೇಸ್ತ್ರಿ ತೆಗೆಯಿರಿ ಎಂದ.

"ಇನ್ನೊಂದ್ ನಾಲ್ಕ್ ದಿನ ಇರ್ಲಿ ಮೇಸ್ತ್ರಿ" ಎಂದಳು ಗಿರಿಜಕ್ಕ.

"ಎಲ್ಲದಕ್ಕೂ ನಿಂದೊಂದು. ಆಗಲ್ಲ ಅಂದ್ರೆ ಬೇರೆಯವ್ರು ತೆಗೀತಾರೆ ಬಿಡು."

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಮುಂದೆ ಹೋದಳು. ಗಿರಿಜಕ್ಕ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ನೀವೆಲ್ಲ ಅತ್ಲಾಗೆ ನಿಲ್ಲಿ" ಎಂದು ತಾನೇ ಹೋಗಿ ಊರುಗೋಲಿಗೆ ಕೈ ಹಾಕಿದಳು. ಮೊದಲನೆಯದು ಬಂತು. ಎರಡನೆಯದು ಬಂದದ್ದೇ ಲಿಂಟಲ್ಲು, ಅದರ ಮೇಲಿನ ಕಲ್ಲು, ಪಕ್ಕದ ಗೋಡೆ ಎಲ್ಲ ದಾರಿಯ ಕಡೆಗೆ ಬಂದುಬಿಟ್ಟವು. ಶಬ್ದ ಅಷ್ಟೇನೂ ಇರಲಿಲ್ಲ. ಧೂಳೂ ಏಳಲಿಲ್ಲ, ಎಲ್ಲ ಒದ್ದೆಯಿತ್ತು. ಗಿರಿಜಕ್ಕ ಹಿಂದಕ್ಕೆ ಹಾರಿದ್ದರಿಂದ ಜೀವ ಉಳಿಯಿತು, ಬಲಗೈ ಲಿಂಟಲ್ಲಿನ ಅಡಿ ಸಿಕ್ಕಿಕೊಂಡಿತು. ನಾವು ಏಳು ಜನ ಸೇರಿ ಅದನ್ನು ಎತ್ತಿದೆವು. ಒಳಗಿದ್ದದ್ದು ಕೈಯ ಹಾಗಿರಲಿಲ್ಲ. ಅವಳು ಕೂಗಲೇ ಇಲ್ಲ. "ನಿಂಗೆ ತಾಗ್ಲಿಲ್ವಲ್ಲ?" ಎಂದು ಆ ಚಿಕ್ಕವಳನ್ನು ಕೇಳಿದಳು ಅಷ್ಟೇ. ಪ್ರಸನ್ನ ಕಾರು ತರಿಸಿ ಶಿವಮೊಗ್ಗಕ್ಕೆ ಕಳಿಸಿದ. ಮಣಿಕಟ್ಟಿನಿಂದ ತೆಗೆದರು.

ನಾಲ್ಕನೇ ದಿನ ಗೋದಾಮಿನಲ್ಲಿ ಪ್ರಸನ್ನ, ಭಾಸ್ಕರ ಮೇಸ್ತ್ರಿಯನ್ನೂ ಕರೆಸಿ, ನಮ್ಮನ್ನು ಕೂರಿಸಿಕೊಂಡ. ಮರುದಿನ ಅಧಿಕಾರಿ ಬಂದೇ ಬರುತ್ತಾರೆ, ಗೋಡೆ ಯಾಕೆ ಬಿತ್ತು ಎಂದು ಕೇಳೇ ಕೇಳುತ್ತಾರೆ ಎಂದ. "ಮೇಸ್ತ್ರಿ ತಪ್ಪು ಅಂತ ಬಂದ್ರೆ ತರಬೇತೀನೇ ಸರಿ ಇಲ್ಲ ಅಂತಾಗತ್ತೆ. ಅನುದಾನ ವಾಪಸ್, ನಿಮ್ಮ ಬ್ಯಾಚೇ ರದ್ದು. ಒಬ್ಬರ ಕೈತಪ್ಪು ಅಂದ್ರೆ ಉಳಿದವ್ರಿಗೆ ತೊಂದ್ರೆ ಇಲ್ಲ."

ಮಾತಾಡಿದ್ದು ನಾನು. ಏನೋ ದೊಡ್ಡ ಸತ್ಯ ಹೇಳುವವಳ ಹಾಗೆ ಸಿಟ್ಟಿನಲ್ಲಿ ಎದ್ದು ನಿಂತು ಹೇಳಿದೆ: "ಎಂತದ್ರಿ ಸಾರ್ ಕೈತಪ್ಪು? ದಾರಂದ ವಾಲಿದೆ, ಸರಿಸಣ ಅಂತ ಗಿರಿಜಕ್ಕ ಅವತ್ತೇ ಅಂದಿದ್ಲು. ನಾನೇ ಬೇಡ ಅಂದಿದ್ದು."

ಪ್ರಸನ್ನ ನನ್ನ ಮುಖವನ್ನೇ ನೋಡಿದ. "ಸರಿಸಣ ಅಂದಿದ್ರಾ?" ಎಂದು ಮೆಲ್ಲಗೆ ಕೇಳಿದ. ಆಮೇಲೆ ಭಾಸ್ಕರ ಮೇಸ್ತ್ರಿಯನ್ನು ನೋಡಿದ. ಕಾಗದ ಪೆನ್ನು ನನ್ನ ಮುಂದಿಟ್ಟ, ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದವಳು ನಾನೊಬ್ಬಳೇ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಪೂಜೆಯಾಗಿ ನಿಲ್ಲಿಸಿದ್ದ ದಾರಂದವನ್ನು ಗಿರಿಜಾ ಅವರು ತರಬೇತುದಾರರ ಅನುಮತಿಯಿಲ್ಲದೆ ತಾವಾಗಿಯೇ ಸರಿಸಿದ್ದರಿಂದ ಗೋಡೆ ವಾಲಿ ಬಿದ್ದಿದೆ, ಉಳಿದ ನಾವು ಏಳು ಜನ ಇದಕ್ಕೆ ಸಾಕ್ಷಿ.

"ಇದು ಸುಳ್ಳಲ್ವಾ ಸಾರ್?" ಎಂದಳು ಆ ಚಿಕ್ಕವಳು.

"ಅವ್ರ ಕೈ ಅಂತೂ ವಾಪಸ್ ಬರಲ್ಲಮ್ಮ. ನಿಮ್ಮ ಏಳು ಜನರದ್ದಾದ್ರೂ ಉಳೀಲಿ."

ನಾನು ಮೊದಲ ಸಹಿ ಹಾಕಿದೆ. ಹನ್ನೆರಡು ವರ್ಷದ ಬಾಂಡಲಿ ಕಣ್ಣ ಮುಂದೆ ಬಂತು, ಮತ್ತೆ ಅದನ್ನು ಹೊರಲಾರೆ ಎನಿಸಿತು. ಅಷ್ಟೇ. ಬೇರೆ ಯಾವ ಕಾರಣವನ್ನೂ ನಾನು ಈಗ ಹುಡುಕಿ ಇಡುವುದಿಲ್ಲ.

ಅಧಿಕಾರಿ ಹೆಂಗಸು. ಒಳ್ಳೆಯವರು. "ಹೆದರ್ಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ" ಎಂದು ಎರಡು ಸಲ ಕೇಳಿದರು. ಬರೆದದ್ದೇ ನಿಜ ಎಂದೆವು. ಉಳಿದ ಗೋಡೆಗಳನ್ನು ನೋಡಿ ನಮ್ಮ ಏಳೂ ಜನರನ್ನು ಪಾಸು ಮಾಡಿದರು. ನನಗೆ ಪೆಟ್ಟಿಗೆ ಬಂತು, ಪ್ರಮಾಣಪತ್ರ ಬಂತು, ಎರಡು ವರ್ಷದಲ್ಲಿ ನನ್ನ ಕೈಕೆಳಗೆ ಗಂಡಸರು ಕೆಲಸ ಮಾಡತೊಡಗಿದರು. ಸಾಗರದ ತನಕ ಮನೆ ಕಟ್ಟಿದ್ದೇನೆ. ಗಿರಿಜಕ್ಕನಿಗೆ ಯೋಜನೆಯಿಂದ ಯಾವ ಪರಿಹಾರವೂ ಸಿಗಲಿಲ್ಲ, ಸ್ವಂತ ತಪ್ಪಿನಿಂದಾದ ಗಾಯಕ್ಕೆ ಇಲ್ಲವಂತೆ. ಚೌಡಮ್ಮ ಊರೆಲ್ಲ ಹೇಳಿಕೊಂಡು ಬಂದಳು, "ಆ ಮುಂಡೆ ಪೂಜೆ ಆದ ಬಾಗ್ಲು ಮುಟ್ಟಿದ್ಲು, ಅಮ್ಮ ಬಿಡ್ತಾಳಾ?" ಎಂದು. ಅಶ್ವಿನಿಯ ಮದುವೆ ಅದೇ ವರ್ಷ ಬಾವ ನೋಡಿಟ್ಟ ಕಡೆಗೇ ಆಯಿತು. ನಮಗೆ ಕರೆ ಬರಲಿಲ್ಲ. ಅಷ್ಟರಲ್ಲಿ ಕಾಗದದ ವಿಷಯ ಗಿರಿಜಕ್ಕನಿಗೆ ತಲುಪಿತ್ತು. ನಮ್ಮತ್ತೆ ಸಾಯುವ ತನಕ "ನಮ್ ಗಿರಿಜೆ ಯಾಕೆ ಬರಲ್ಲ?" ಎಂದು ಕೇಳುತ್ತಿದ್ದರು.

ಆಸ್ಪತ್ರೆಯ ಮಾತು ಇದಕ್ಕೆ ಮುಂಚಿನದು. ಹೇಳದೆ ತಪ್ಪಿಸಿಕೊಳ್ಳಬಹುದೇನೋ ಎಂದು ಇಲ್ಲಿಯ ತನಕ ದೂಡಿಕೊಂಡು ಬಂದೆ.

ಅಧಿಕಾರಿ ಬಂದು ಹೋದ ಮರುದಿನ ಶಿವಮೊಗ್ಗಕ್ಕೆ ಹೋಗಿದ್ದೆ. ವಾರ್ಡಿನ ಕಿಟಕಿ ಪಕ್ಕದ ಮಂಚ. ಅಶ್ವಿನಿ ಅಮ್ಮನಿಗೆ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡದ್ದೇ ಗಿರಿಜಕ್ಕ ಎದ್ದು ಕೂತಳು.

"ಬಂದಿದ್ರಾ ಅಧಿಕಾರಿ? ಪಾಸಾದ್ರಾ?"

"ಆದ್ವಿ."

"ಎಲ್ಲಾರೂ?"

"ಏಳೂ ಜನ."

"ಹಾ, ಒಳ್ಳೇದಾಯ್ತು ಬಿಡು. ನನ್ ಕೈ ಹೋದ್ರೂ ನಿಮ್ದೆಲ್ಲ ಹಾಳಾಗ್ಲಿಲ್ವಲ್ಲ." ಆಮೇಲೆ ಮಗಳಿಗೆ ಕೇಳಿಸಲೆಂದೋ ಏನೋ, ಸ್ವಲ್ಪ ಗಟ್ಟಿಯಾಗಿ ಕೇಳಿದಳು: "ಗೋಡೆ ಯಾಕೆ ಬಿತ್ತು ಅಂತ ಕೇಳಿರ್ಬೇಕಲ್ಲ ಅವ್ರು? ನಾನು ದಾರಂದ ಸರಿಸ್ಬೇಕು ಅಂದಿದ್ದೆ ಅಂತ ಹೇಳಿದ್ಯಾ?"

"ಹೇಳ್ದೆ" ಎಂದೆ.

"ಬರ್ಕೊಂಡ್ರಾ?"

"ಬರ್ಕೊಂಡ್ರು."

ಗಿರಿಜಕ್ಕ ದಿಂಬಿಗೆ ಒರಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡಿತು. "ನೋಡೇ ಅಶ್ವಿನಿ, ನಿನ್ ಅಮ್ಮ ಮೊದ್ಲೇ ಕಂಡಿದ್ಲು, ಮೊದ್ಲೇ ಹೇಳಿದ್ಲು ಅಂತ ಸರ್ಕಾರದ ಕಾಗ್ದದಲ್ಲಿ ಬಂತು. ಉಳಿದವ್ರು ಹೆದರ್ತಾರೆ ಅಂತ ಗೊತ್ತಿತ್ತು. ಇವಳು ಬಾಯ್ಬಡ್ಕಿ, ಇವಳು ಹೇಳೇ ಹೇಳ್ತಾಳೆ ಅಂದಿರ್ಲಿಲ್ವಾ ನಾನು?"

ಮಂಚದ ಪಕ್ಕ ಯಾರೋ ತಂದಿಟ್ಟ ಕಿತ್ತಳೆ ಹಣ್ಣಿತ್ತು. ಮಗಳು ಸುಲಿಯಲು ಹೋದಳು, ಅವಳು ಬಿಡಲಿಲ್ಲ. ಹಣ್ಣನ್ನು ಎದೆಗೆ ಒತ್ತಿ ಹಿಡಿದು, ಇನ್ನೂ ಪಳಗದ ಎಡಗೈಯಿಂದ ಸಿಪ್ಪೆಯನ್ನು ಚೂರು ಚೂರಾಗಿ ಬಿಡಿಸಿದಳು. ತುಂಬ ಹೊತ್ತು ಹಿಡಿಯಿತು. ನಾನು ನೋಡುತ್ತ ಕೂತಿದ್ದೆ. ಬಿಡಿಸಿ ಮುಗಿಸಿ, "ತಗಳೇ, ಅಷ್ಟ್ ದೂರದಿಂದ ಬಂದಿದ್ದೀಯ, ತಿನ್ನು" ಎಂದು ಇಡೀ ಹಣ್ಣನ್ನು ನನ್ನ ಕೈಗಿಟ್ಟಳು.

ನಾನು ಅಲ್ಲೇ ಕೂತು ಒಂದು ತೊಳೆಯನ್ನೂ ಬಿಡದೆ ತಿಂದೆ.